ಗೋಡೆಗೆ ಹೇಳಿದ ಮಾತು

ಸೀಳಿನ ಬಾಯಿ, ಪೇಜ್ ಊರಿನ ಹತ್ತಿರ
14 ಮಾರ್ಚ್ 2010

ವರ್ಲೀನ್,

ನೀನು ಫೀನಿಕ್ಸಿನಲ್ಲಿ ಸುಖವಾಗಿದ್ದೀಯೆಂದು ನಿನ್ನ ಮಗಳು ಶಾಂಡೀನ್ ಹೇಳಿದಳು, ಹಾಗಾಗಿ ಆ ಪ್ರಶ್ನೆ ಬಿಟ್ಟೆ. ನನ್ನ ಸಮಾಚಾರ ನೀನು ಕೇಳಿಲ್ಲ, ಆದರೂ ಬರೆಯುತ್ತೇನೆ. ಒಂದು ಹಲ್ಲು ಹೋಯಿತು. ಎಡ ಮೊಣಕಾಲು ಇನ್ನೂ ಇದೆ, ನೋವಿನ ರೂಪದಲ್ಲಿ. ನಿನ್ನ ಅಕ್ಕ ತೀರಿಹೋಗಿ ಎಂಟು ತಿಂಗಳು ತುಂಬಿತು. ಹೆಸರು ಬರೆಯುವುದಿಲ್ಲ, ಹೋದವರನ್ನು ಹೆಸರು ಹಿಡಿದು ಕರೆಯಬಾರದು.

ಬಂಡೆಯ ಆಳದ ಸೀಳನ್ನು ನೋಡಲು ಪ್ರವಾಸಿಗರು ಮತ್ತೆ ಬರತೊಡಗಿದ್ದಾರೆ, ನಾನೇ ಒಳಗೆ ಕರೆದೊಯ್ಯುತ್ತೇನೆ. ದಿನಕ್ಕೆ ಮೂರು ಗುಂಪು. ಮೊನ್ನೆ ಒಹಾಯೋದವನೊಬ್ಬ ಕೆಂಪು ಗೋಡೆಗಳ ನಡುವೆ ನಿಂತು, ಕತ್ತು ಮೇಲೆತ್ತಿ, "ಇದನ್ನ ಯಾರು ಕೆತ್ತಿದ್ದು?" ಎಂದ. ನೀರು ಎಂದೆ. "ಯಾವ ಇಸವೀಲಿ?" ಎಂದ. ಅವನ ಹೆಂಡತಿ ಬರೆದುಕೊಳ್ಳಲು ಪೆನ್ನು ಬೇರೆ ತೆಗೆದಿದ್ದಳು. ಕಾಲೇಜಿನಲ್ಲಿ ಎರಡು ವರ್ಷ ಕಲಿತ ಇಂಗ್ಲಿಷಿನಲ್ಲಿ ನನಗೆ ಈಗ ಉಳಿದಿರುವುದು ತಲೆ ಜೋಪಾನ, ಏಣಿ ಜೋಪಾನ ಎನ್ನುವುದು, ಆಮೇಲೆ 'ದೇರ್‌ಫೋರ್'. ಈ ಕೊನೆಯದನ್ನು ಎಲ್ಲಿ ಹಾಕಬೇಕೆಂದು ಮರೆತಿದೆ, ಎಲ್ಲ ಕಡೆ ಹಾಕುತ್ತೇನೆ. ಅವನಿಗೂ ಹಾಕಿದೆ: ದೇರ್‌ಫೋರ್, ಮುಂದೆ ನಡೀರಿ ಸ್ವಾಮಿ.

ವಿಷಯಕ್ಕೆ ಬರುತ್ತೇನೆ. ನಿನ್ನ ಅಮ್ಮನ ಮನೆಗೂ ನನ್ನ ಮನೆಗೂ ಇನ್ನೂರು ಹೆಜ್ಜೆ. ನಿನ್ನ ಅಕ್ಕನ ಕೈಹಿಡಿದು ನಾನು ಈ ಮನೆಗೆ ಅಳಿಯನಾಗಿ ಬಂದು ನಲವತ್ತೊಂದು ವರ್ಷ. ಇಷ್ಟು ವರ್ಷದಲ್ಲಿ ಅವರ ಮುಖ ನಾನು ನೋಡಿಲ್ಲ, ನನ್ನ ಮುಖ ಅವರು ನೋಡಿಲ್ಲ. ಅಳಿಯ ಅತ್ತೆಯ ಮುಖ ನೋಡಿದರೆ ಇಬ್ಬರಿಗೂ ಕಣ್ಣು ಹೋಗುತ್ತದೆ ಎಂದು ನೀನು ಆಸ್ಪತ್ರೆಯ ಗೆಳತಿಯರಿಗೆ ಹೇಳಿ ನಕ್ಕಿರಬಹುದು. ಕಣ್ಣು ಹೋಗುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ನಾವು ಮರ್ಯಾದೆ ಕೊಡುವ ರೀತಿ ಅದು, ಅಷ್ಟೇ. ಅವರು ಕುರಿ ಹೊಡೆದುಕೊಂಡು ಎದುರಾದರೆ ನಾನು ಬಂಡೆಯ ಕಡೆ ತಿರುಗಿ ನಿಲ್ಲುತ್ತೇನೆ, ಅವರು ಶಾಲು ಎಳೆದುಕೊಳ್ಳುತ್ತಾರೆ. ನಾನು ಸೌದೆ ಒಡೆದು ಅವರ ಬಾಗಿಲಿಗೆ ಹಾಕುತ್ತೇನೆ, ಅವರು ರೊಟ್ಟಿ ಸುಟ್ಟು ಬೇಲಿಯ ಗೂಟದ ಮೇಲೆ ಇಡುತ್ತಾರೆ. ನಡುವೆ ಮಾತಾಡಲು ನಿನ್ನ ಅಕ್ಕ ಇದ್ದಳು. ಈಗ ಬಾಯಿ ಇಲ್ಲದ ಎರಡು ಮನೆ.

ಫೆಬ್ರವರಿಯ ಹಿಮದಲ್ಲಿ ಅವರಿಗೆ ಮಾತ್ರೆ ಇದೆಯೋ ಇಲ್ಲವೋ ಎಂದು ಹೆದರಿ, ಕುರಿದೊಡ್ಡಿಯ ಹಿಂದೆ ನಿಂತು ನಾಯಿಯನ್ನು ಕೂಗಿ ಕೇಳಿದೆ: "ಏ ನಾಯಿ, ನಿನ್ನ ಯಜಮಾನಿಗೆ ಮಾತ್ರೆ ಇದೆಯಾ?" ಒಳಗಿನಿಂದ ಅವರು ನಾಯಿಗೇ ಹೇಳಿದರು: "ಇದೆ ಅಂತ ಹೇಳು. ಕುರಿ ಬೆದರುತ್ತೆ, ಕೂಗಾಡಬೇಡ ಅಂತಾನೂ ಹೇಳು."

ಮಾತ್ರೆಯ ವಿಷಯ ನಾಯಿಯ ಕೈಲಿ ಆಗುತ್ತದೆ. ದೊಡ್ಡ ಮಾತು ಹೊಟ್ಟೆಯಲ್ಲಿ ಹುಟ್ಟಿದವರ ಬಾಯಿಂದಲೇ ಹೋಗಬೇಕು. ಆ ದೊಡ್ಡ ಮಾತು ಯಾವುದೆಂದು ನಿನಗೆ ಗೊತ್ತು. ಈ ನೆಲ, ಈ ಸೀಳು ನಿಮ್ಮ ತಾಯಿಯ ಕುಲದ್ದು. ಹೆಂಡತಿ ಹೋದ ಮೇಲೆ ಗಂಡಸು ತನ್ನ ತಾಯಿಯ ಕಡೆಗೆ ಹೊರಟುಬಿಡಬೇಕು. ಹೋಗು ಎಂದು ನನಗೆ ಯಾರೂ ಹೇಳಿಲ್ಲ. ಇರು ಎಂದೂ ಹೇಳಿಲ್ಲ. ಕೈಬೀಟೋದಲ್ಲಿ ನನ್ನ ತಾಯಿಯ ಮನೆಗೆ ಸೂರಿಲ್ಲ, ಒಳಗೆ ಜನರಿಲ್ಲ, ಮತ್ತೆ ನನಗೆ ಅರವತ್ತೇಳು.

ತಿಂಗಳಿಗೊಮ್ಮೆ ನೀನು ಬಂದು ನಮ್ಮ ನಡುವೆ ಬಾಯಿಯಾಗಿ ನಿಂತರೆ ಸಾಕು. ಹಳೆಯ ಕಾಲದಲ್ಲಿ ಅಕ್ಕ ಹೋದ ಮನೆಗೆ ತಂಗಿ ಬರುವುದೂ ಇತ್ತು. ಇದನ್ನು ಇತಿಹಾಸದ ವಿಷಯವಾಗಿ ಬರೆದೆ.

ಮನ್ರೋ ಎಟ್ಸಿಟ್ಟಿ


ಫೀನಿಕ್ಸ್
2 ಏಪ್ರಿಲ್ 2010

ಭಾವನವರಿಗೆ,

ನಿಮ್ಮ ಇತಿಹಾಸದ ಪಾಠ ಬಂತು. ಫೋನಿನಲ್ಲಿ ಶಾಂಡೀನ್‌ಗೂ ಓದಿ ಹೇಳಿದೆ. "ಅಮ್ಮಾ, ದೊಡ್ಡಪ್ಪ ನಿನ್ನನ್ನೇ ಹೆಣ್ಣು ಕೇಳ್ತಿದಾರೆ, ಎಷ್ಟು ಕುದುರೆ ಕೊಡ್ತಾರಂತೆ ಕೇಳು" ಎಂದು ಅವಳು ನಕ್ಕ ರಭಸಕ್ಕೆ ಕಾಫಿ ಲೋಟ ಉರುಳಿತಂತೆ. ಬೇಜಾರಾಗಬೇಡಿ. ಈ ವಯಸ್ಸಿನಲ್ಲಿ ನನ್ನನ್ನು ಯಾರಾದರೂ ನಗಿಸಿದರಲ್ಲ, ಅದೇ ದೊಡ್ಡದು. ಮೂವತ್ತು ವರ್ಷ ಆಸ್ಪತ್ರೆಯ ದಾಖಲೆ ಕೋಣೆಯಲ್ಲಿ ಕೂತವಳು ನಾನು. ಗಂಡಸರ ಎಕ್ಸ್‌ರೇ ನೋಡಿ ನೋಡಿ ಆಸೆ ಸತ್ತಿದೆ.

ಬಾಯಿಯ ವಿಷಯ. ಆಗಲಿ, ನಾನೇ ಆಗುತ್ತೇನೆ. ಅಮ್ಮನಿಗೆ ಏನು ಹೇಳಬೇಕೋ ನನಗೆ ಬರೆಯಿರಿ. ಅವರು ಏನೆಂದರೋ ನಿಮಗೆ ಬರೆಯುತ್ತೇನೆ. ನಡುವೆ ಬೇರೆ ಯಾರನ್ನೂ ಹಾಕಬೇಡಿ. ಶಾಂಡೀನ್ ಐದು ತಿಂಗಳ ಬಸುರಿ, ಪೇಜಿನ ಹೋಟೆಲಿನಲ್ಲಿ ಇನ್ನೂ ದುಡಿಯುತ್ತಿದ್ದಾಳೆ, ಅವಳ ತಲೆಗೆ ಇದೆಲ್ಲ ಬೇಡ.

ಇನ್ನೊಂದು. ಅವಳ ಗಂಡ ಡ್ಯಾರೆಲ್ ಮುಂದಿನ ವಾರದಿಂದ ನಿಮ್ಮ ಹತ್ತಿರ ಬರುತ್ತಾನೆ. ನಿಮ್ಮ ಕಾಲು ಸರಿಯಿಲ್ಲ, ಒಬ್ಬರೇ ದಿನಕ್ಕೆ ಮೂರು ಸಲ ಏಣಿ ಹತ್ತಿ ಇಳಿಯುತ್ತೀರಿ ಎಂದರೆ ನನಗೆ ಇಲ್ಲಿ ನಿದ್ದೆ ಬರುವುದಿಲ್ಲ. ಅವನಿಗೆ ಎಲ್ಲ ಕಲಿಸಿ. ಎಲ್ಲಿ ನಿಲ್ಲಿಸಬೇಕು, ಏನು ಹೇಳಬೇಕು, ಯಾವಾಗ ಹೊರಗೆ ಓಡಬೇಕು, ಎಲ್ಲ. ನಿಮ್ಮ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ.

ವರ್ಲೀನ್


ಸೀಳಿನ ಬಾಯಿ
23 ಮೇ 2010

ವರ್ಲೀನ್,

ನನಗೋಸ್ಕರ ನಿದ್ದೆ ಕೆಡಿಸಿಕೊಳ್ಳುವವರು ಒಬ್ಬರು ಇದ್ದಾರೆಂದು ತಿಳಿದು ಎರಡು ದಿನ ಸುಮ್ಮಸುಮ್ಮನೆ ಶಿಳ್ಳೆ ಹಾಕಿಕೊಂಡು ಓಡಾಡಿದೆ. ಟೂಬಾ ಸಿಟಿಯ ಸಂತೆಯಲ್ಲಿ ಒಂದು ನೀಲಿ ಅಂಗಿ ಕೊಂಡೆ. ಸುಮ್ಮನೆ. ಹಳೆಯದು ಹರಿದಿತ್ತು.

ಡ್ಯಾರೆಲ್ ಕಲಿಯುತ್ತಿದ್ದಾನೆ. ಮೊದಲ ದಿನ ಬೂಟು ತುಂಬ ಮರಳು, ಎರಡನೆಯ ದಿನ ಬಾಯಿ ತುಂಬ ಸುಳ್ಳು. ಗೋಡೆಯೊಂದರ ಉಬ್ಬನ್ನು ತೋರಿಸಿ, "ಇದು ನಮ್ಮ ಪೂರ್ವಜರ ವೀರನ ಮುಖ" ಎಂದು ಬಿಟ್ಟ. ಜಪಾನಿನ ಒಂದು ಹೆಂಗಸು ಕೈ ಮುಗಿದಳು. ಹೊರಗೆ ಬಂದ ಮೇಲೆ, "ಯಾವ ವೀರನಯ್ಯಾ?" ಎಂದು ಕೇಳಿದೆ. "ಗೊತ್ತಿಲ್ಲ ಮಾವ, ಮೂಗು ನಮ್ಮ ಸೋದರಮಾವನ ಥರಾ ಇತ್ತು" ಎಂದ. ಸೋದರಮಾವ ಪೆಟ್ರೋಲ್ ಬಂಕಿನಲ್ಲಿದ್ದಾನಂತೆ.

ಆದರೆ ಕೆಟ್ಟವನಲ್ಲ. ಒಳಗೆ ಕಾಲಿಡುವ ಮುಂಚೆ ಜೋಳದ ಹುಡಿ ಚಿಮುಕಿಸಿ ಒಪ್ಪಿಗೆ ಕೇಳುವುದನ್ನು ಕಲಿಸಿದೆ. ಗುಂಪಿಗೆ ಬೆನ್ನು ಹಾಕದೆ ಹಿಂದಕ್ಕೆ ನಡೆಯುತ್ತ ಮಾತಾಡುವುದನ್ನು ಕಲಿಸಿದೆ. ಮುಖ ತೋರಿಸದ ಮಾರ್ಗದರ್ಶಿಯನ್ನು ಯಾರೂ ನಂಬುವುದಿಲ್ಲ. ಹನ್ನೊಂದೂವರೆಗೆ ಬಿಸಿಲಿನ ಕೋಲು ಇಳಿಯುವ ಕಡೆ ಒಂದು ಹಿಡಿ ಮರಳು ತೂರಿದರೆ ಬೆಳಕು ಕಂಬದ ಹಾಗೆ ನಿಲ್ಲುತ್ತದಲ್ಲ, ಅದನ್ನು ಕಲಿಸಿದೆ. ಹೊರಗೆ ಆಕಾಶ ನೀಲಿಯಾಗಿದ್ದರೂ ದಕ್ಷಿಣದ ಬೆಟ್ಟದ ಮೇಲೆ ಕಪ್ಪು ಮೋಡವಿದ್ದರೆ ಸೀಳಿಗೆ ನೀರು ನುಗ್ಗೀತು, ಒಳಗೆ ಹೋಗಬಾರದು ಎಂದು ಕಲಿಸಿದೆ. ಇನ್ನು ನನ್ನಲ್ಲಿ ಉಳಿದದ್ದು ಮೊಣಕಾಲು ಮಾತ್ರ.

ಭಾನುವಾರ ಹತ್ತು ಗಂಟೆಯ ಗುಂಪು ಮುಗಿಸಿ ಬಂದಾಗ ನಿನ್ನ ಅಮ್ಮನ ಬಾಗಿಲವರೆಗೆ ನಿನ್ನ ಕಾರಿನ ಟೈರಿನ ಗುರುತು ಇತ್ತು. ಅದಕ್ಕೂ ಹಿಂದಿನ ಭಾನುವಾರವೂ ಇತ್ತು. ಒಂದು ಗಳಿಗೆ ಕಾದಿದ್ದರೆ ಮಾತಾಡಬಹುದಿತ್ತು. ನಾಚಿಕೆಯೇನೋ ಎಂದುಕೊಂಡೆ.

ಈಗ ದೊಡ್ಡ ಮಾತು. ಅತ್ತೆಯವರನ್ನು ನನ್ನ ಪರವಾಗಿ ಕೇಳು. ಹೀಗೇ ಕೇಳು, ಒಂದು ಶಬ್ದವೂ ಆಚೀಚೆ ಆಗದಂತೆ: "ನಿಮ್ಮ ಮಗಳ ಗಂಡ ಇಲ್ಲಿ ಉಳಿಯಬಹುದೋ, ಹೋಗಬೇಕೋ? ನೀವು ಏನಂದರೂ ಅವನು ಎರಡನೇ ಮಾತಾಡುವುದಿಲ್ಲ."

ಉತ್ತರಕ್ಕೆ ಕಾಯುತ್ತಿರುತ್ತೇನೆ. ದೇರ್‌ಫೋರ್ ಬೇಗ ಬರೆ.

ಮನ್ರೋ


ಫೀನಿಕ್ಸ್
19 ಜೂನ್ 2010

ಭಾವನವರಿಗೆ,

ಕೇಳಿದೆ. ನೀವು ಬರೆದ ಹಾಗೇ ಕೇಳಿದೆ. ಅಮ್ಮ ಉಣ್ಣೆ ನೂಲುತ್ತಾ ಕೂತಿದ್ದರು, ಕದಿರು ನಿಲ್ಲಿಸಲೂ ಇಲ್ಲ. ಅವರು ಅಂದದ್ದನ್ನು ಸಕ್ಕರೆ ಹಾಕದೆ ಬರೆಯುತ್ತೇನೆ, ಆಮೇಲೆ ನನ್ನ ಮೇಲೆ ಸಿಟ್ಟಾಗಬೇಡಿ.

"ಅವನು ನನ್ನ ಮಗಳಿಗಾಗಿ ಬಂದ ಗಂಡಸು. ಮಗಳೇ ಹೋದ ಮೇಲೆ ಅವನಿಗೆ ಇಲ್ಲೇನು ಕೆಲಸ? ಅವನ ಕೊಡಲಿ ಸದ್ದು ಕೇಳಿದಾಗಲೆಲ್ಲ, ಸಾಯಬೇಕಾದವನು ಉಳಿದ, ಬದುಕಬೇಕಾದವಳು ಹೋದಳು ಅನ್ನಿಸುತ್ತೆ. ಮರ್ಯಾದೆ ಇದ್ದವನಾದರೆ ಇಷ್ಟು ಹೊತ್ತಿಗೆ ತಾನಾಗೇ ಗಂಟು ಕಟ್ಟಿರ್ತಿದ್ದ. ಸೆಪ್ಟೆಂಬರ್ ಮುಗಿಯೋದರೊಳಗೆ ಹೋಗಲಿ. ಹೋಗುವಾಗ ನನ್ನ ಬಾಗಿಲ ಮುಂದೆ ಹಾಯಬೇಡ ಅನ್ನು."

ಇಷ್ಟೇ. ವಯಸ್ಸಾದವರು, ಬಾಯಿಗೆ ಬಂದದ್ದು ಅನ್ನುತ್ತಾರೆ. ಆದರೆ ಎರಡನೇ ಮಾತಾಡುವುದಿಲ್ಲ ಎಂದು ನೀವೇ ಬರೆದಿದ್ದೀರಿ.

ನೀಲಿ ಅಂಗಿಯ ವಿಷಯ ಡ್ಯಾರೆಲ್ ಫೋನಿನಲ್ಲಿ ಹೇಳಿದ. ಪಾರ್ಕಿಂಗಿನಲ್ಲಿ ಯಾವ ಕಾರು ನಿಂತರೂ ಗುಂಡಿ ಹಾಕಿಕೊಂಡು ನೋಡುತ್ತೀರಂತೆ. ಭಾವ, ನಾನು ನಿಮ್ಮ ಹೆಂಡತಿಯ ತಂಗಿ, ನಿಮ್ಮ ಎರಡನೇ ಕಂತಲ್ಲ. ಆ ಅಂಗಿ ಕೈಬೀಟೋದಲ್ಲಿ ಹಾಕಿಕೊಳ್ಳಿ. ಅಲ್ಲಿ ನೋಡುವವರಿಲ್ಲ, ನಗುವವರೂ ಇಲ್ಲ.

ವರ್ಲೀನ್


ಸೀಳಿನ ಬಾಯಿ
11 ಜುಲೈ 2010

ವರ್ಲೀನ್,

ನಿನ್ನ ಕಾಗದ ಮೂರು ಸಲ ಓದಿದೆ. ಮೂರನೆಯ ಸಲ ಓದುವಾಗ ಗುಂಪು ಕಾಯುತ್ತಿತ್ತು. ಆವತ್ತು ಒಳಗೆ ಹೋದವನು ಏನೂ ಹೇಳಲಿಲ್ಲ. ಒಬ್ಬಳು, "ಇಂಥಾ ಮೌನದ ಅನುಭವ ನಮಗೆ ಎಲ್ಲೂ ಸಿಕ್ಕಿರಲಿಲ್ಲ" ಎಂದು ನನ್ನ ಕೈ ಕುಲುಕಿದಳು.

ಹೋಗುತ್ತೇನೆ. ಅತ್ತೆಯವರು ನನ್ನ ಬಗ್ಗೆ ಅಂದದ್ದರಲ್ಲಿ ತಪ್ಪೇನಿಲ್ಲ. ಆಸ್ಪತ್ರೆಯಿಂದ ನಿನ್ನ ಅಕ್ಕನನ್ನು ತಂದ ದಿನ ನಾನೂ ಅದನ್ನೇ ಅಂದುಕೊಂಡಿದ್ದೆ. ಆದರೆ ಒಂದು ಅರ್ಥವಾಗುವುದಿಲ್ಲ. ಗೂಟದ ಮೇಲೆ ಮೊದಲು ದಿನಕ್ಕೊಂದು ರೊಟ್ಟಿ ಇರುತ್ತಿತ್ತು, ಈಗ ಎರಡು ಇರುತ್ತವೆ. ಬೇಗ ತಿಂದು ತೊಲಗು ಎಂದಿರಬೇಕು. ತಿನ್ನುತ್ತಿದ್ದೇನೆ.

ಸೌದೆ ಒಡೆಯುವುದನ್ನು ಈಗ ದೂರದ ಹಳ್ಳದಲ್ಲಿ ಮಾಡುತ್ತೇನೆ, ಸದ್ದು ಅವರಿಗೆ ಕೇಳಿಸದಂತೆ. ಚಳಿಗಾಲ ಪೂರ್ತಿಗೆ ಆಗುವಷ್ಟು ಒಡೆದಿಟ್ಟು ಹೋಗುತ್ತೇನೆ. ಇದನ್ನು ಅವರಿಗೆ ಹೇಳಬೇಡ.

ಒಂದೇ ಕೇಳಿಕೆ. ಅವರು ಈ ಸೀಳಿನ ಬಾಯಲ್ಲೇ ಎಂಬತ್ತೆರಡು ವರ್ಷ ಬದುಕಿದವರು, ಒಳಗೆ ಒಂದು ಸಲವೂ ಹೋದವರಲ್ಲ. ಅಂಥ ಜಾಗವನ್ನು ಸುಮ್ಮನೆ ಕೆದಕಬಾರದು ಎನ್ನುವ ಕಾಲದವರು. ನಾನು ಹೋಗುವ ಮುಂಚೆ ಒಂದು ಸಲ ಅವರನ್ನು ಕರೆದುಕೊಂಡು ಬಾ. ನಾನು ಮುಂದೆ ನಡೆಯುತ್ತೇನೆ, ಅವರು ಹಿಂದೆ ಬರಲಿ. ತಿರುಗಿ ನೋಡುವುದಿಲ್ಲ. ನಾನು ಇಷ್ಟು ವರ್ಷ ಏನು ಕೆಲಸ ಮಾಡಿದೆ ಎನ್ನುವುದು ಅವರಿಗೆ ಗೊತ್ತಾಗಲಿ.

ಮನ್ರೋ


ಫೀನಿಕ್ಸ್
4 ಆಗಸ್ಟ್ 2010

ಭಾವನವರಿಗೆ,

ಕೇಳಿದೆ. ಬೇಡವಂತೆ. "ಅವನ ಬೆನ್ನು ನೋಡೋಕೆ ಅಷ್ಟು ದೂರ ನಡೀಬೇಕಾ? ಊರು ಬಿಡೋ ದಿನ ಇಲ್ಲಿಂದಲೇ ಕಾಣುತ್ತೆ" ಎಂದರು.

ಗೇಟಿನ ಕೀಲಿ, ಪ್ರವಾಸಿಗರನ್ನು ತರುವ ಟ್ರಕ್ಕಿನ ಕೀಲಿ ಡ್ಯಾರೆಲ್ ಕೈಲಿ ಕೊಡಿ. ಶಾಂಡೀನ್‌ಗೆ ಹೆಣ್ಣು ಮಗುವಾಯಿತು. ಸೀಳಿಗೆ ವಾರಸುದಾರಳು ಬಂದಳು.

ವರ್ಲೀನ್


ಕೈಬೀಟೋ
3 ಅಕ್ಟೋಬರ್ 2010

ವರ್ಲೀನ್,

ಕೀಲಿ ಕೊಟ್ಟೆ, ಮಾತಿನಂತೆ ಬಂದೆ. ಸೂರಿಗೆ ಟಾರ್ಪಾಲು ಹಾಕಿದ್ದೇನೆ. ಗಾಳಿ ಬೀಸಿದರೆ ಮನೆ ಉಸಿರಾಡುತ್ತದೆ, ಜೊತೆಗೆ ಯಾರೋ ಇದ್ದ ಹಾಗೆ.

ನಿನಗೆ ಒಂದು ವಿಷಯ ಯಾರೂ ಹೇಳಿರಲಾರರು, ನಾನು ಹೇಳುತ್ತೇನೆ. ಕಾಲೇಜಿನ ಮೇಷ್ಟರು ಪ್ರಬಂಧ ಚಿಕ್ಕದಾಗಿರಲಿ ಎನ್ನುತ್ತಿದ್ದರು. ಇದು ಚಿಕ್ಕದಾಗುವುದಿಲ್ಲ, ಕೂತುಕೊಂಡು ಓದು.

ಸೆಪ್ಟೆಂಬರ್ ಇಪ್ಪತ್ತೊಂಬತ್ತು, ನನ್ನ ಕೊನೆಯ ಗುಂಪು. ಒಂಬತ್ತು ಜನ. ಸೀಳಿನ ಬಾಯಲ್ಲಿ ನಿಂತು ಜೋಳದ ಹುಡಿ ಚಿಮುಕಿಸಿ, ಎರಡು ಹೆಜ್ಜೆ ಒಳಗಿಟ್ಟಿದ್ದೆ. ಹಿಂದಿನಿಂದ ಶಾಂಡೀನ್ ಕೂಗಿದಳು: "ದೊಡ್ಡಪ್ಪಾ, ತಿರುಗಬೇಡಿ! ಅಜ್ಜಿ ಬಂದಿದಾರೆ! ನಿಮ್ಮ ಹಿಂದೇನೇ ಬರ್ತಾರಂತೆ!"

ಕುತ್ತಿಗೆ ಅಲ್ಲೇ ಮರಗಟ್ಟಿತು. "ಯಾರು ಹೇಳಿದ್ದು?" ಎಂದು ಬಂಡೆಯ ಕಡೆ ಮುಖ ಮಾಡಿಯೇ ಕೇಳಿದೆ. "ಅವರೇ ಹೊರಟು ನಿಂತರು ದೊಡ್ಡಪ್ಪ. ಕೂಸನ್ನ ಡ್ಯಾರೆಲ್ ಕೈಗೆ ಹಾಕಿ ಕರ್ಕೊಂಡು ಬಂದೆ. ನೀವು ನಡೀರಿ."

ನಡೆದೆ. ಗುಂಪಿಗೆ ಬೆನ್ನು ಹಾಕಬಾರದು ಎಂದು ನಾನೇ ಪಾಠ ಮಾಡಿದವನು, ಅವತ್ತು ಒಂದು ಸಲವೂ ಮುಖ ತಿರುಗಿಸದೆ ನಡೆದೆ. ಮೊದಲ ಇಕ್ಕಟ್ಟಿನಲ್ಲಿ ಭುಜ ಎರಡೂ ಕಡೆ ಉಜ್ಜುತ್ತದಲ್ಲ, ಅಲ್ಲಿ ಗೋಡೆಗೇ ಹೇಳಿದೆ, ತಲೆ ಜೋಪಾನ ಎಂದು. ಹಿಂದೆ ಒಬ್ಬ ಜರ್ಮನಿಯವನು ಮೂರು ಕಾಲಿನ ಕ್ಯಾಮೆರಾ ಸ್ಟ್ಯಾಂಡು ಹೊತ್ತಿದ್ದ. "ಈ ಮನುಷ್ಯ ಯಾಕೆ ನಮ್ಮ ಕಡೆ ನೋಡಲ್ಲ?" ಎಂದು ಕೇಳಿದ. ಒಬ್ಬ ಹೆಂಗಸು, "ಶ್, ಇದು ಅವರ ಪೂಜೆ ಇರಬೇಕು" ಎಂದಳು. ಬಿಸಿಲಿನ ಕೋಲು ಇಳಿಯುವಲ್ಲಿ ತಿರುಗದೆಯೇ ಭುಜದ ಮೇಲಿಂದ ಮರಳು ತೂರಿದೆ. ಅದು ನೇರ ಜರ್ಮನಿಯವನ ಕ್ಯಾಮೆರಾಕ್ಕೆ ಬಿತ್ತು. ಅವನು ಬೈದ ಬೈಗುಳ ಗೋಡೆಯಿಂದ ಗೋಡೆಗೆ ಬಡಿದು ಮೇಲೆ ಹೋಗಿ ಬಹಳ ಹೊತ್ತು ಇತ್ತು. ಆ ಗಲಾಟೆಯಲ್ಲಿ ಒಂದು ಮುದಿ ನಗು ಕೇಳಿಸಿತು, ಎಲ್ಲರಿಗಿಂತ ಹಿಂದಿನಿಂದ. ನಲವತ್ತೊಂದು ವರ್ಷದಲ್ಲಿ ಅವರು ನಕ್ಕದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಅಲ್ಲಿಂದ ಮುಂದೆ ಅಗಲವಿದೆ. ಜನ ಫೋಟೊ ತೆಗೆಯುತ್ತಾ ಹಿಂದೆ ಉಳಿದರು. ನಾನು ಏಣಿಯ ಕೆಳಗೆ ಗೋಡೆಗೆ ಹಣೆ ಕೊಟ್ಟು ನಿಂತೆ. ಮೇಲಿಂದ ಬಿದ್ದ ಬೆಳಕಿಗೆ ನನ್ನ ಪಕ್ಕದ ಬಂಡೆಯ ಮೇಲೆ ಒಂದು ನೆರಳು ಬಂದು ನಿಂತಿತು. ಗಿಡ್ಡ, ಶಾಲು ಹೊದ್ದದ್ದು, ಕೈಯಲ್ಲಿ ಕೋಲು. ನೆರಳು ನೋಡಿದರೂ ಮುಖ ನೋಡಿದಂತೆಯೋ ಎಂದು ಯಾರನ್ನು ಕೇಳಲಿ? ಕಣ್ಣು ಮುಚ್ಚಿಕೊಂಡೆ.

ಆಗ ಅವರು ಮಾತಾಡಿದರು, ಗೋಡೆಯ ಜೊತೆ.

"ಏ ಗೋಡೆ, ಕೇಳಿಸ್ಕೋ. ನಲವತ್ತೊಂದು ವರ್ಷ ನನ್ನ ಬಾಗಿಲಿಗೆ ಸೌದೆ ಬಂತು, ಒಂದು ದಿನ ತಪ್ಪಲಿಲ್ಲ. ಈಗ ಆ ಮನುಷ್ಯ ಟೂಬಾದಲ್ಲಿ ಯಾವಳನ್ನೋ ನೋಡ್ಕೊಂಡಿದಾನಂತೆ. ಹೊರಡ್ತೀನಿ ಅಂತ ನನ್ನ ಮಗಳ ಕೈಲಿ ಹೇಳಿ ಕಳಿಸಿದ. ನೀಲಿ ಅಂಗಿ ಹಾಕ್ಕೊಂಡು ಓಡಾಡ್ತಾನಂತೆ. ಹೋಗಲಿ, ಗಂಡಸು, ಒಬ್ಬನೇ ಇರೋಕಾಗಲ್ಲ. ಆದ್ರೆ ನಾನು ಹೋಗು ಅಂದೆ ಅಂತ ನಾಳೆ ಯಾರೂ ಹೇಳಬಾರದು. ನಾನು ಸಾಯೋವರೆಗೂ ಅವನು ಇಲ್ಲೇ ಇರಲಿ ಅಂತಿದ್ದೆ. ನಿನಗೆ ಹೇಳಿದೀನಿ. ಸಾಕು."

ವರ್ಲೀನ್, ನಿನ್ನ ಕಾಗದಗಳು ನನ್ನ ಜೇಬಿನಲ್ಲೇ ಇದ್ದವು.

ಒಂದು ಸಾಲು ಸಾಕಿತ್ತು. ನಾನೂ ಗೋಡೆಗೆ ಹೇಳಬಹುದಿತ್ತು: ನಿಮ್ಮ ಮಗಳು ಸುಳ್ಳಿ, ನನಗೆ ಯಾವ ಹೆಂಗಸೂ ಇಲ್ಲ, ನನ್ನನ್ನು ನೀವೇ ಹೋಗೆಂದಿರಿ ಎಂದು ಅವಳು ಬರೆದಳು. ಆ ಸಾಲನ್ನು ನಾಲಿಗೆಯ ಮೇಲೆ ಇಟ್ಟುಕೊಂಡೇ ಏಣಿ ಹತ್ತಿದೆ. ನುಂಗಿದೆ. ಒಬ್ಬ ಮಗಳು ಮಣ್ಣಿನಲ್ಲಿ, ಇನ್ನೊಬ್ಬಳು ಸುಳ್ಳಿ ಎಂದರೆ ಆ ಮುದುಕಿಗೆ ಕೈಯಲ್ಲಿ ಏನು ಉಳಿಯುತ್ತದೆ? ಅಳಿಯ ಪೋಲಿ ಎಂದು ಉಳಿದರೆ ಅಷ್ಟು ನಷ್ಟವಿಲ್ಲ. ಆಚೆ ಬಾಯಿಯಿಂದ ಹೊರಬಿದ್ದವನು ಹಾಗೇ ನಡೆದೆ. ಹಿಂದೆ, ಪೂಜೆ ಇರಬೇಕು ಎಂದಿದ್ದ ಹೆಂಗಸು ಚಪ್ಪಾಳೆ ತಟ್ಟುತ್ತಿದ್ದಳು.

ಇದನ್ನು ಕ್ಷಮೆ ಎಂದು ತಿಳಿಯಬೇಡ. ನಿನ್ನ ಅಮ್ಮನಿಗಾಗಿ ಸುಮ್ಮನಾದೆ. ನಿನ್ನ ಹೊಟ್ಟೆಯಲ್ಲಿ ಇದು ಬೇಯದ ಹಿಟ್ಟಿನ ಮುದ್ದೆಯ ಹಾಗೆ ಕೂತಿರಲಿ, ನೀನು ಇರುವವರೆಗೂ.

ಮನ್ರೋ ಎಟ್ಸಿಟ್ಟಿ


ಸೀಳಿನ ಬಾಯಿ
19 ನವೆಂಬರ್ 2010

ಭಾವ,

ಫೀನಿಕ್ಸಿನಿಂದಲ್ಲ, ಅಮ್ಮನ ಮನೆಯಿಂದ ಬರೆಯುತ್ತಿದ್ದೇನೆ. ಹದಿನೈದು ದಿನದಿಂದ ಇಲ್ಲೇ ಇದ್ದೇನೆ.

ನಾನೇ ಅಮ್ಮನಿಗೆ ಎಲ್ಲ ಹೇಳಿಬಿಟ್ಟೆ. ಯಾಕೆಂದು ಕೇಳಬೇಡಿ. ನಿಮ್ಮ ಕಾಗದ ಬಂದ ಮೇಲೆ ಒಂದು ತಿಂಗಳು ಹೇಳದೆ ಇದ್ದೆ. ಡಾಕ್ಟರು ಅಮ್ಮನ ಹೃದಯ ನೀರು ತುಂಬಿದ ಚೀಲದಂತಾಗಿದೆ ಎಂದರು. ಆಸ್ಪತ್ರೆ ಬೇಡ ಎಂದರು ಅಮ್ಮ. ಅವರ ಕಾಲು ಒತ್ತುತ್ತಾ ಕೂತಿದ್ದಾಗ, "ಆ ಮನುಷ್ಯ ಅಲ್ಲಾದ್ರೂ ಸುಖವಾಗಿದಾನಾ?" ಎಂದು ಕೇಳಿದರು. ಬಾಯಿಂದ ಬಂದುಬಿಟ್ಟಿತು.

ಅಮ್ಮ ಬೈಯಲಿಲ್ಲ. ಶಾಲನ್ನು ಮುಖದ ಮೇಲೆ ಎಳೆದುಕೊಂಡರು. ಅವತ್ತಿನಿಂದ ನಾನು ಒಳಗೆ ಬಂದರೆ ಶಾಲು ಎಳೆದುಕೊಳ್ಳುತ್ತಾರೆ. ಹೊಟ್ಟೆಯಲ್ಲಿ ಹುಟ್ಟಿದ ನನಗೆ ಈಗ ಅವರ ಮುಖ ಕಾಣಿಸುವುದಿಲ್ಲ. ನನಗೆ ಏನಾದರೂ ಹೇಳಬೇಕಾದರೆ ಒಲೆಗೆ ಹೇಳುತ್ತಾರೆ.

ನಿನ್ನೆ ಒಲೆಗೆ ಹೇಳಿದರು: "ಅವನನ್ನ ಬಾ ಅನ್ನು. ಅವನ ಮನೆ ಅವನದೇ. ನಾನಿದ್ದಾಗಲೇ ಬರಲಿ. ಬೇಗ ಬರಲಿ."

ನನ್ನ ಮಗಳು ಹೋಟೆಲಿನ ಹಾಸಿಗೆ ಬದಲಿಸುತ್ತಲೇ ಮುದುಕಿಯಾಗುವುದು ಬೇಡ, ಸೀಳಿನ ದುಡಿಮೆ ಅವಳ ಮನೆಗೆ ಬರಲಿ ಎಂದು ಮಾಡಿದೆ. ಅದು ನಿಮಗೆ ಕಾರಣ ಅನ್ನಿಸದಿದ್ದರೆ ಬಿಡಿ. ನನಗೋಸ್ಕರ ಬರಬೇಡಿ. ಅವರು ಕರೆದಿದ್ದಾರೆ, ಬನ್ನಿ. ಡ್ಯಾರೆಲ್‌ನನ್ನು ಟ್ರಕ್ಕಿನಲ್ಲಿ ಕಳಿಸಲಾ? ಒಂದು ಗೆರೆ ಬರೆದರೆ ಸಾಕು.

ವರ್ಲೀನ್


ಕೈಬೀಟೋ
6 ಡಿಸೆಂಬರ್ 2010

ವರ್ಲೀನ್,

ನಿನ್ನ ಕಾಗದ ಅಂಚೆ ಪೆಟ್ಟಿಗೆಯಲ್ಲಿ ಒಂಬತ್ತು ದಿನ ಕೂತಿತ್ತು, ಆಮೇಲೆ ನನ್ನ ಮೇಜಿನ ಮೇಲೆ ನಾಲ್ಕು ದಿನ. ಅವಸರವೇನಿದೆ ಎಂದುಕೊಂಡೆ. ತೆರೆದು ಓದಿ ಬಹಳ ಹೊತ್ತು ನಕ್ಕೆ. ನಾಲಿಗೆ ಎಷ್ಟು ಪಳಗಿದೆ! ಒಲೆಗೆ ಹೇಳಿದರಂತೆ. ಗೋಡೆಯ ಕಥೆಯನ್ನು ನಾನೇ ನಿನಗೆ ಬರೆದು ಕೊಟ್ಟೆ, ನೀನು ಗೋಡೆ ತೆಗೆದು ಒಲೆ ಇಟ್ಟೆ. ಅಕ್ಷರವನ್ನೂ ನಡುಗಿಸಿದ್ದೀಯ, ಭೇಷ್.

ನವೆಂಬರ್ ಮೊದಲ ವಾರ ಟೂಬಾ ಸಂತೆಯಲ್ಲಿ ಡ್ಯಾರೆಲ್ ಸಿಕ್ಕಿದ್ದ. ಮೆಣಸಿನಕಾಯಿ ಹಾಕಿದ ಕುರಿಮಾಂಸ ಕೊಡಿಸಿದೆ. ಪಾಪ, ಕಪಟ ಗೊತ್ತಿಲ್ಲದವನು, ಎಲ್ಲ ಹೇಳಿಬಿಟ್ಟ. "ಮಾವ, ಹೊಸ ವರ್ಷದ ಪರವಾನಗಿಗೆ ಇಪ್ಪತ್ತು ವರ್ಷ ಗುಂಪು ನಡೆಸಿದವರೊಬ್ಬರು ಜೊತೆಗಿರಬೇಕಂತೆ. ನೀವಿಲ್ಲದೆ ಗೇಟು ತೆಗೆಯೋಕೆ ಬಿಡಲ್ಲ ಅಂತಾರೆ. ಅತ್ತೆ ಏನಾದ್ರೂ ಮಾಡಿ ನಿಮ್ಮನ್ನ ಕರೆಸ್ತೀನಿ ಅಂದಿದಾರೆ." ಅದಾಗಿ ಎರಡು ವಾರಕ್ಕೆ ಸರಿಯಾಗಿ ನಿನ್ನ ಕಾಗದ! ನಿನ್ನ ಅಮ್ಮನ ಹೃದಯಕ್ಕೂ ಅದೇ ವಾರ ನೀರು ತುಂಬಿತೇ?

ಒಂದು ಸಲ ಅವರ ಬಾಯಲ್ಲಿ ನಿನ್ನ ಮಾತು ಹಾಕಿ ನನ್ನನ್ನು ಹೊರಗೆ ಹಾಕಿದೆ. ಈಗ ಅದೇ ಬಾಯಿಯಿಂದ ಒಳಗೆ ಕರೆಯುತ್ತೀಯ. ಅವರು ನಿಜವಾಗಿ ಕರೆದಿದ್ದರೂ ನಿನ್ನ ಕೈಬರಹದಲ್ಲಿ ಬಂದದ್ದು ನನಗೆ ಬೇಡ. ಶಾಂಡೀನ್ ಬಂದು ಹೇಳಲಿ, ನೋಡೋಣ. ಅವಳು ಕೂಸು ಬಿಟ್ಟು ಬರುವುದಿಲ್ಲ, ಗೊತ್ತು.

ದೇರ್‌ಫೋರ್, ನಾನು ಬರುವುದಿಲ್ಲ. ನನಗೆ ಇಲ್ಲಿ ಒಬ್ಬಳು ಸಿಕ್ಕಿದ್ದಾಳೆ ಎಂದು ನಿನ್ನ ಅಮ್ಮನಿಗೆ ಹೇಳು. ನಿನಗೆ ಹೇಳಲು ಹೊಸದೇನಲ್ಲ, ಅಭ್ಯಾಸವಿದೆ.

ಮನ್ರೋ


ಸೀಳಿನ ಬಾಯಿ
11 ಡಿಸೆಂಬರ್ 2010

ಭಾವ,

ನಿಮ್ಮ ಕಾಗದ ನಿನ್ನೆ ಬಂತು. ಎಂಟನೇ ತಾರೀಖು ಮಣ್ಣು ಮಾಡಿದೆವು. ಇನ್ನು ನಾನೂ ಅವರ ಹೆಸರು ಬರೆಯುವುದಿಲ್ಲ.

ದಿನಾ ಕೇಳುತ್ತಿದ್ದರು, ಅವನ ಕಾಗದ ಬಂತಾ ಎಂದು. ನಾಲ್ಕನೇ ತಾರೀಖು, ಬಂತು ಎಂದೆ. ಬರ್ತಾನಂತೆ, ಟ್ರಕ್ಕಿಗೆ ಕಾಯ್ತಿದಾನಂತೆ ಎಂದೆ. ಕೂಡಲೇ ಎದ್ದು ಕೂತು ಒಲೆಗೆ ಹೇಳಿದರು: "ಹಾಗಿದ್ರೆ ಮಂಚದ ಮುಂದೆ ಕಂಬಳಿ ಕಟ್ಟು. ಅವನು ಒಳಗೆ ಬಂದ್ರೆ ಮುಖ ಕಾಣಬಾರದು, ಪಾಪ, ಅವನ ಕಣ್ಣು ಹೋದೀತು." ಕಟ್ಟಿದೆ. ಕಂಬಳಿ ತೆಗೆಯಲು ಬಿಡಲಿಲ್ಲ. ಗಂಜಿಯನ್ನು ಅಡಿಯಿಂದ ತಳ್ಳುತ್ತಿದ್ದೆ. ಮೂರನೇ ದಿನ ಬಟ್ಟಲು ಹಾಗೇ ಇತ್ತು.

ಡ್ಯಾರೆಲ್ ಕಡೆಯವರು ಬಂದು ಪದ್ಧತಿಯಂತೆ ಉತ್ತರದ ಗೋಡೆ ಒಡೆದು ಅವರನ್ನು ಹೊರಗೆ ತೆಗೆದರು, ಮುಖ ಸುತ್ತಿಯಾಗಿತ್ತು. ಸಾವು ಆದ ಮನೆ, ಇನ್ನು ಯಾರೂ ಹತ್ತಿರ ಸುಳಿಯುವುದಿಲ್ಲ. ಶಾಂಡೀನ್ ಕೂಸನ್ನು ಎತ್ತಿಕೊಂಡು ಪೇಜಿಗೆ ಹೋದಳು. ಸೀಳಿನ ಗೇಟಿಗೆ ಡ್ಯಾರೆಲ್ ಸರಪಳಿ ಹಾಕಿದ.

ಕೊನೆಗೂ ಭಾವ, ಅವರ ಮುಖ ನಾವಿಬ್ಬರೂ ನೋಡಲಿಲ್ಲ.

ವರ್ಲೀನ್